ಹದಿನೆಂಟನೇ ಹಾಳೆ

"ಹದಿನೆಂಟು ಇಲ್ರಿ, ಮೇಡಂ."

ತುಳಜಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಬಾಗಿಲಿಗೆ ಹಾಸುವ ಚಾಪೆಯ ಗಾತ್ರದ ಒಂದು ನೀಲಿ ಪಟ್ಟಿ. ಅದರ ಮೂಲೆಯಲ್ಲಿ ಸಣ್ಣಗೆ 17 ಎಂದು ಅಚ್ಚಾಗಿತ್ತು.

ಪಿಎಸ್‌ಐ ಸೌಂದರ್ಯಾ ಮಂಡಿಯ ಮೇಲೆ ಕೈಯೂರಿ ಬಗ್ಗಿದಳು. "ಇಲ್ಲ ಅಂದ್ರ?"

"ಇದರಾಗ ಮೂವತ್ತು ಹಾಳಿ ಒಂದರ ಮ್ಯಾಲೊಂದು ಇರ್ತಾವ್ರಿ. ಎಲ್ಲಾದಕ್ಕೂ ಅಂಟು ಇರತೈತಿ. ಒಳಗಿಂದ ಹೊರಗ ಬರವ್ರು ಇದನ್ನ ತುಳದ ಬರಬೇಕು. ಚಪ್ಪಲಿ ತಳದ ಧೂಳು ಇದಕ್ಕ ಹತ್ತತೈತಿ, ಹೊರಗ ಹೋಗಂಗಿಲ್ಲ. ದಿನಾ ಸಂಜೀಕ ಮ್ಯಾಲಿಂದು ಒಂದು ಕಿತ್ತ ಒಗೀತೇನಿ. ನಿನ್ನಿ ಹದಿನೆಂಟರ ಪಾಳಿ. ಈ ಗದ್ದಲದಾಗ ನಾ ಕಿತ್ತ ಇಲ್ಲ. ಮತ್ತ ಹದಿನೇಳು ಹೆಂಗ ಮ್ಯಾಲ ಬಂತು?"

"ಯಾರೋ ಕಿತ್ತಾರ."

"ಹೂಂರಿ. ತಮ್ಮ ಹೆಜ್ಜಿ ಕಿತಗೊಂಡ ಹೋಗ್ಯಾರ."

ಎರಡು ಹೆಜ್ಜೆ ಹಿಂದೆ ನಿಂತಿದ್ದ ಎಎಸ್‌ಐ ಗೂಳಪ್ಪ ಹೆಗಲಿನ ಊಟದ ಚೀಲವನ್ನು ತನಗೆ ತಿಳಿಯದಂತೆಯೇ ಬಗಲಿಗೆ ಒತ್ತಿ ಹಿಡಿದ.

ಹದಿನೆಂಟನೇ ಹಾಳೆ ಆ ಚೀಲದಲ್ಲಿತ್ತು.

ನಿನ್ನೆ ಸೋಮವಾರ ಮಧ್ಯಾಹ್ನ, ಗೋಡೆ ಒಡೆಯುವ ಕೆಲಸ ನಡೆದಿದ್ದ ದಾಂಡೇಲಿಯ ಈ ಹಳೆಯ ಸ್ಟುಡಿಯೋದ ನೆಗೆಟಿವ್ ಕೋಣೆಯಲ್ಲಿ ಎಪ್ಪತ್ತನಾಲ್ಕು ವರ್ಷದ ಫೋಟೋಗ್ರಾಫರ್ ಈಶಪ್ಪ ತಲೆಯೊಡೆದು ಬಿದ್ದಿದ್ದರು. ಅಣೆಕಟ್ಟಿನ ನೀರಲ್ಲಿ ಮುಳುಗಿಹೋದ ಸೂಪಾ ಊರಿನ ಚಿತ್ರಗಳಿದ್ದ ತಗಡಿನ ಡಬ್ಬಿಯೊಂದು ಕಾಣೆಯಾಗಿತ್ತು. ಈಗ ಅವರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರು.

ಊಟದ ಬಿಡುವು ಮುಗಿಸಿ ಬಂದ ಗೋಡೆ ಕೆಲಸದ ತುಳಜಾ ಅವರನ್ನು ನೋಡಿ ರಸ್ತೆಗೆ ಓಡಿದ್ದಳು. ಎದುರಿಗೆ ಬೈಕಿನ ಮೇಲೆ ಬರುತ್ತಿದ್ದವನು ಗೂಳಪ್ಪ. ಹಾಗಾಗಿ ಪೊಲೀಸರ ಪೈಕಿ ಮೊದಲು ಒಳಗೆ ಹೋದವನು ಅವನೇ. ತುಳಜಾ ಮುದುಕರ ಬಾಯಿಗೆ ನೀರು ಬಿಡುತ್ತಿದ್ದಾಗ ಅವನ ಕಣ್ಣಿಗೆ ಬಿದ್ದದ್ದು, ಪ್ಲಾಸ್ಟಿಕ್ ಪರದೆಯ ಪಕ್ಕದಲ್ಲಿ ಸಾಲಾಗಿಟ್ಟಿದ್ದ ಕಲ್ಲುಮಣ್ಣಿನ ಚೀಲಗಳಲ್ಲೊಂದರ ಬಾಯಿಂದ ಇಣುಕುತ್ತಿದ್ದ ನೀಲಿ ಹಾಳೆ. ಸಂಜೆ ಟ್ರ್ಯಾಕ್ಟರಿನಲ್ಲಿ ಊರಾಚೆ ಹೋಗಬೇಕಿದ್ದ ಚೀಲ ಅದು. ಹಾಳೆಯ ಅಂಚಿನಲ್ಲಿ ಚಪ್ಪಟೆಯಾದ ಚರ್ಮದ ತಳದ ಗುರುತು ಕಂಡಿತ್ತು. ಕೊಲ್ಲಾಪುರಿ ಚಪ್ಪಲಿಯದು.

ಕೊಲ್ಲಾಪುರಿ ಮೆಟ್ಟುವವನು ಸ್ಟುಡಿಯೋದಲ್ಲಿ ಒಬ್ಬನೇ, ಈಶಪ್ಪನವರ ಸಹಾಯಕ ಜ್ಯೋತಿಬಾ.

ಪಂಚನಾಮೆಗೆ ಸೇರಿಸಬೇಕಾಗಿತ್ತು. ಮೇಡಂ ಬಂದ ಕೂಡಲೇ ಕೈಗೆ ಕೊಡಬೇಕಾಗಿತ್ತು. ಮೂವತ್ತೆರಡು ವರ್ಷ ಖಾಕಿ ಹಾಕಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಹೊರಗೆ ಅವಳ ಜೀಪು ನಿಂತ ಸದ್ದು ಕೇಳಿದ್ದೇ ತಡ, ಅವನ ಕೈ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಊಟದ ಚೀಲಕ್ಕೆ ತುರುಕಿತ್ತು.

ಒಂದೇ ಒಂದು ಸಲ. ಒಂದೇ ಒಂದು ಪ್ರಕರಣ ತನ್ನ ಹೆಸರಿನಲ್ಲಿ ಬಗೆಹರಿಯಲಿ ಎಂಬ ಆಸೆ.

ಸೌಂದರ್ಯಾ ಠಾಣೆಗೆ ಬಂದು ಆರು ತಿಂಗಳು. ವಯಸ್ಸು ಇಪ್ಪತ್ತೇಳು. ಸಾಗವಾನಿ ಲಾರಿಯ ಕಳವನ್ನು ಗೂಳಪ್ಪ ನಾಲ್ಕು ತಿಂಗಳು ಹಿಡಿದು ಎಳೆದಿದ್ದ. ಚಾಲಕರ ಮನೆ ಮನೆ ಅಲೆದಿದ್ದ. ಅವಳು ಬಂದ ಒಂಬತ್ತನೇ ದಿನಕ್ಕೆ ಕಳ್ಳರನ್ನು ಲಾರಿ ಸಮೇತ ತಂದು ನಿಲ್ಲಿಸಿದಳು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಹಿಂದಿನ ಸಾಲಿನಲ್ಲಿ ಗೂಳಪ್ಪನ ಅರ್ಧ ಕಿವಿಯೂ ಬಂದಿತ್ತು. ಮನೆಯಲ್ಲಿ ಹೆಂಡತಿ ಆ ಪತ್ರಿಕೆಯನ್ನು ಜೋಪಾನವಾಗಿ ಎತ್ತಿಟ್ಟದ್ದು ಅವನಿಗೆ ಇನ್ನೂ ಉರಿಯುತ್ತಿತ್ತು.

"ಗೂಳಪ್ಪನವರ, ಚೀಲ ಎಲ್ಲಾ ನೋಡೀರೇನು?" ಸೌಂದರ್ಯಾ ಕೇಳಿದಳು.

"ನೋಡೇನ್ರಿ ಮೇಡಂ. ಏನೂ ಇಲ್ಲ."

"ಇನ್ನೊಮ್ಮಿ ನೋಡೂಣು."

ಅವಳೇ ತೋಳು ಮಡಿಸಿ ಒಂದೊಂದೇ ಚೀಲ ಸುರುವಿದಳು. ಹಳೆಯ ಗಾರೆ, ಇಟ್ಟಿಗೆ ಚೂರು, ಒದ್ದೆ ಮಣ್ಣು. ಕಾನ್‌ಸ್ಟೇಬಲ್ ಮುಂದೆ ಬಂದರೂ ಬಿಡಲಿಲ್ಲ. ಮೊಣಕೈವರೆಗೆ ಕೈ ಹಾಕಿ ಕೆದಕಿದಳು. ಏನು ತೋರಿಕೆ, ಏನು ಹುರುಪು ಎಂದುಕೊಂಡ ಗೂಳಪ್ಪ. ಫೋಟೋ ತೆಗೆಯುವವರು ಪಕ್ಕದಲ್ಲಿದ್ದರೆ ಇನ್ನೂ ಎರಡು ಚೀಲ ಸುರುವುತ್ತಿದ್ದಳು.

ಕೊನೆಯ ಚೀಲವೂ ಬರಿದಾದಾಗ ಅವಳು ತುಳಜಾಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಇಬ್ಬರೂ ತಾಂಡಾದವರು, ಒಬ್ಬಳು ಮುಂಡಗೋಡ ಕಡೆಯವಳು, ಇನ್ನೊಬ್ಬಳು ಹಳಿಯಾಳ ಕಡೆಯವಳು. ತುಳಜಾ ತಲೆಯಲ್ಲಾಡಿಸಿ ಎರಡೇ ಮಾತು ಆಡಿದಳು. ಗೂಳಪ್ಪನಿಗೆ ಒಂದಕ್ಷರ ತಿಳಿಯಲಿಲ್ಲ. ತನ್ನನ್ನು ಕುರಿತೇ ಆಡಿದರೆಂದು ಮಾತ್ರ ಖಚಿತವಾಯಿತು.

ಸುಮ್ಮನಿರಲಾಗಲಿಲ್ಲ. "ಮೇಡಂ, ನೆಗೆಟಿವ್ ಕೋಣಿಯಾಗಿನ ಸ್ಟೂಲು ನೋಡಿದ್ರೇನ್ರಿ? ಎರಡು ಸ್ಟೂಲು ಎದರಬದರ ಅದಾವ. ಸುತ್ತೂ ಕಡೆ ಬಟ್ಟು ದಪ್ಪ ಧೂಳು. ಕುಂಡ್ರೂ ಜಾಗ ಎರಡೂ ಸ್ವಚ್ಛ. ಧೂಳು ಇಳಿಯೂಮುಂದ ಇಬ್ಬರು ಕುಂತಿದ್ದರು."

"ತುಳಜಾ ನಿನ್ನೀನ ಹೇಳ್ಯಾಳ." ಸೌಂದರ್ಯಾ ಕೈಯ ಮಣ್ಣು ಕೊಡವಿದಳು. "ಆದ್ರ ಅದರಿಂದ ಏನ ಗೊತ್ತಾಗತೈತಿ? ಅಜ್ಜಾರ ಕಡೆ ದಿನಾ ಹತ್ತು ಮಂದಿ ಬರ್ತಾರ. ಇದು ಡಬ್ಬಿ ಕದಿಯಾಕ ಬಂದವರ ಕೆಲಸ. ಹೊರಗಿನವರು. ನಾನು ಆಸ್ಪತ್ರಿಗೆ ಫೋನ್ ಹಚ್ಚಿ, ಹಂಗ ಸ್ಟೇಷನ್‌ಗೆ ಹೋಗಿ ಬರ್ತೇನಿ. ನೀವು ಇಲ್ಲೇ ಇರ್ರಿ."

ನಿನ್ನೀನ ಹೇಳ್ಯಾಳ! ಗೂಳಪ್ಪ ಬೆಳಗಿನಿಂದ ಜತನವಾಗಿ ಕಾದಿಟ್ಟುಕೊಂಡ ಮಾತು ಅದು. ಗಾರೆ ಕೆಲಸದ ಹೆಂಗಸೊಬ್ಬಳು ಅವನಿಗಿಂತ ಮೊದಲೇ ಹೇಳಿಬಿಟ್ಟಿದ್ದಳು.

ಜೀಪು ಹೋಯಿತು. ಗೂಳಪ್ಪ ಪರದೆಯ ಚೈನು ಎಳೆದು ಈಚೆ, ಸ್ಟುಡಿಯೋದ ಮುಂಭಾಗಕ್ಕೆ ಬಂದ.

*

ಕಟ್ಟಡದ ಹಿಂಭಾಗದ ಗೋಡೆ ಒಡೆಯುವ ಕೆಲಸ ಶುರುವಾಗಿ ತಿಂಗಳಾಗಿತ್ತು. ಮುಂಭಾಗದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವುದು ನಿಂತಿರಲಿಲ್ಲ. ನಡುವೆ, ನೆಲದಿಂದ ಮಾಡಿನವರೆಗೆ ದಪ್ಪ ಪ್ಲಾಸ್ಟಿಕ್ ಪರದೆ. ಒಳಗೆ ಹೋಗಿಬರಲು ಬ್ಯಾಗಿಗಿರುವಂಥ ಚೈನು. ಹಿಂದಿನ ಕಿಟಕಿಯಲ್ಲಿ ದೊಡ್ಡ ಎಗ್ಝಾಸ್ಟ್ ಫ್ಯಾನ್. ಅದು ಓಡುತ್ತಿರುವಷ್ಟು ಹೊತ್ತು ಗಾಳಿ ಒಳಗಿನಿಂದ ಹೊರಕ್ಕೇ ಹೋಗುತ್ತಿತ್ತು. ಪರದೆ ಹೊಟ್ಟೆ ಒಳಗೆಳೆದುಕೊಂಡ ಹಾಗೆ ಬಿಗಿದು ನಿಲ್ಲುತ್ತಿತ್ತು. ಒಂದು ಕಣ ಧೂಳು ಮುಂದೆ ಬರುತ್ತಿರಲಿಲ್ಲ. ಇದೆಲ್ಲ ಹುಬ್ಬಳ್ಳಿಯಲ್ಲಿ ದೊಡ್ಡ ಕಟ್ಟಡಗಳ ಕೆಲಸ ಕಲಿತು ಬಂದ ತುಳಜಾಳ ಏರ್ಪಾಡು.

ನಿನ್ನೆ ಆ ಫ್ಯಾನನ್ನು ಯಾರೋ ಆರಿಸಿದ್ದರು. ನದಿಯ ಕಡೆಯ ಗಾಳಿ ಅದೇ ಕಿಟಕಿಯಿಂದ ತಿರುಗಿ ನುಗ್ಗಿ, ಒಡೆದ ಗೋಡೆಯ ಒಣ ಪುಡಿಯನ್ನು ಎತ್ತಿ, ಕಟ್ಟಡದ ತುಂಬ ಚೆಲ್ಲಿತ್ತು.

ಜ್ಯೋತಿಬಾ ಬಣ್ಣದ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತು, ಮೆತ್ತನೆ ಬಟ್ಟೆಯಿಂದ ಲೆನ್ಸು ಒರೆಸುತ್ತಿದ್ದ. ಐವತ್ತೆರಡರ ಗಂಡಸು, ಕಣ್ಣು ಕೆಂಪಗಾಗಿದ್ದವು. ಕಾಲಲ್ಲಿ ಕೊಲ್ಲಾಪುರಿ.

"ಏನ್ ಜ್ಯೋತಿಬಾ, ನಿದ್ದಿ ಆಗಿಲ್ಲೇನು?"

"ಹೆಂಗ ಆಗತೈತಿ ಸಾಹೇಬ? ಈಶಪ್ಪ ಕಾಕಾ ಅಲ್ಲಿ ಹಂಗ ಬಿದ್ದಾರ. ಇಲ್ಲಿ ಮಷೀನದಾಗೆಲ್ಲ ಧೂಳಿ ಹೊಕ್ಕೇತಿ."

ಗೂಳಪ್ಪ ಎದುರಿನ ಕುರ್ಚಿ ಎಳೆದುಕೊಂಡ. ಶಟರ್ ಅರ್ಧ ಇಳಿಸಿದ.

"ನಿನ್ನಿ ಮಧ್ಯಾಹ್ನ ಎಲ್ಲಿದ್ದಿ?"

"ಮನಿಯಾಗ. ಸೋಮವಾರ ನಮಗ ಸುಟ್ಟಿ. ನಿನ್ನೀನ ಹೇಳೇನಲ್ಲ."

"ಖರೇ ಹೇಳು."

"ಖರೇನ."

"ಫ್ಯಾನ್ ಯಾಕ ಬಂದ್ ಮಾಡಿದಿ?"

ಜ್ಯೋತಿಬಾನ ಕೈ ಲೆನ್ಸಿನ ಮೇಲೆ ನಿಂತಿತು. "ನಾ ಮಾಡಿಲ್ಲ."

"ಕಳ್ಳ ಬಂದಿದ್ದರ ಫ್ಯಾನ್ ಬಂದ್ ಮಾಡ್ತಿರಲಿಲ್ಲ. ಅದರ ಸಪ್ಪಳದಾಗ ಅಂವಗ ಚೊಲೋನ ಆಗ್ತಿತ್ತು. ಈಶಪ್ಪನವರಿಗೆ ಕಿವಿ ಮಂದ. ಅವರ ಕೂಡ ಕುಂತ ಮಾತಾಡಬೇಕಂದ್ರ ಫ್ಯಾನ್ ಬಂದ್ ಮಾಡಲೇಬೇಕು. ಬಂದಾವ ಮಾತಾಡಾಕ ಬಂದಿದ್ದ. ಮೂವತ್ತು ವರ್ಷ ಅವರ ಕಿವಿಯಾಗ ಒದರಿದಾವ ನೀ. ಇದು ನಿನಗ ಗೊತ್ತಿಲ್ಲದ್ದೇನ?"

ಈ ಮಾತನ್ನು ಯಾರೂ ಮೊದಲು ಹೇಳಿರಲಿಲ್ಲ. ತುಳಜಾಳೂ ಹೇಳಿರಲಿಲ್ಲ, ಮೇಡಂ ಕೂಡ. ಗೂಳಪ್ಪನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಜ್ಯೋತಿಬಾ ಲೆನ್ಸನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟ.

"ಬಂದಿದ್ದೆ," ಎಂದ. "ಆದ್ರ ಒಳಗ ಹೋಗಿಲ್ಲ."

"ಯಾಕ ಬಂದಿದ್ದಿ?"

"ಕಾಕಾಗ ಬುತ್ತಿ ತಂದಿದ್ದೆ. ರೊಟ್ಟಿ, ಝುಣಕಾ. ಒಂದೂ ಇಪ್ಪತ್ತು ಆಗಿರಬೇಕು. ಈ ಶಟರ್ ಎತ್ತಿ ಬಂದೆ. ಫ್ಯಾನಿನ ಸಪ್ಪಳ ಇಲ್ಲ. ಪಡದಿ ಸಡ್ಲ ಬಿದ್ದೇತಿ. ಒಳಗ ಕಾಕಾ ನಗಾಕತ್ತಿದ್ರು."

"ನಗಾಕತ್ತಿದ್ರು?"

"ಹೂಂ. ನನ್ನ ಕೂಡ ಅವರು ನಕ್ಕು ಯಾವ ಕಾಲ ಆತೋ." ಅವನು ಬಟ್ಟೆಯನ್ನು ಮಡಿಚಿದ. "ಒಂದು ಹೆಣ್ಣದನಿನೂ ಕೇಳ್ತು. ಏನಂದ್ಲು ತಿಳೀಲಿಲ್ಲ. ಅಕೀನ ಅಂತ ತಿಳಕೊಂಡೆ. ತುಳಜಾ."

"ಮತ್ತ ಒಳಗ ಯಾಕ ಹೋಗಲಿಲ್ಲ?"

"ಹೊಟ್ಟಿ ಉರೀತು, ಸಾಹೇಬ. ಬುತ್ತಿ ಹಂಗ ತಿರುಗಿ ಒಯ್ದೆ. ಒಯ್ದು ನಾಯಿಗೆ ಹಾಕಿದೆ."

ಹೇಳಿ ಅವನು ತಲೆ ತಗ್ಗಿಸಿದ. ಆಮೇಲೆ ಕಟ್ಟೆಯೊಡೆದ ಹಾಗೆ ಮಾತು ಬಂತು. ಇಪ್ಪತ್ತೊಂಬತ್ತು ವರ್ಷ ಈ ಸ್ಟುಡಿಯೋದಲ್ಲಿ ಕೈ ಸವೆಸಿದವನು ಅವನು. ಲಗ್ನ, ತೊಟ್ಟಿಲು, ಹೆಣ ಎಲ್ಲದರ ಫೋಟೋ ತೆಗೆದವನು ಅವನೇ. ಆದರೆ ಆ ನೆಗೆಟಿವ್ ಕೋಣೆಯ ಕೀಲಿಕೈಯನ್ನು ಈಶಪ್ಪ ಒಮ್ಮೆಯೂ ಅವನ ಕೈಗೆ ಕೊಟ್ಟಿರಲಿಲ್ಲ. ಸೂಪಾ ಡಬ್ಬಿಯನ್ನಂತೂ ದೂರದಿಂದ ಕಂಡಿದ್ದ, ಅಷ್ಟೇ. ಗೋಡೆ ಒಡೆಯುವ ಕೆಲಸ ಶುರುವಾದಾಗ ಧೂಳು ತಡೆಯಲು ಅವನೇ ಒದ್ದೆ ಗೋಣಿತಾಟು ಕಟ್ಟಿದ್ದ. ನಾಲ್ಕೇ ದಿನಕ್ಕೆ ಮೂರು ಡಬ್ಬಿಯೊಳಗೆ ಧೂಳು ಹೊಕ್ಕು ನೆಗೆಟಿವ್‌ಗಳ ಮೇಲೆ ಗೀರು ಬಿದ್ದವು. ಈಶಪ್ಪ ಅವನನ್ನು ಕೆಲಸದವರ ಮುಂದೆಯೇ ಬೈದರು.

"ಆಮ್ಯಾಲ ಅಕೀನ್ನ ಕರಸಿದ್ರು. ಬಂದಕಿನ ಕೋಣಿ ಬಾಗಲ ಸಂದಿಗೆಲ್ಲ ಪಟ್ಟಿ ಹಚ್ಚಿದ್ಲು. ಡಬ್ಬಿ ಒಂದೊಂದನ್ನ ಪ್ಲಾಸ್ಟಿಕ್ಕಿನ್ಯಾಗ ಸುತ್ತಿದ್ಲು. ಗ್ವಾಡಿ ಒಡಿಯೂಮುಂದ ನೀರ ಸಿಂಪಡಿಸಿ ಒಡಸಿದ್ಲು. ಒಂದು ಗೀರು ಬೀಳಲಿಲ್ಲ. ಮೂರ ವಾರದಾಗ ಕೀಲಿಕೈ ಅಕಿ ಕೊರಳಾಗಿತ್ತು, ಸಾಹೇಬ. ನನಗ ಇಪ್ಪತ್ತೊಂಬತ್ತು ವರ್ಷ. ಅಕಿಗೆ ಮೂರ ವಾರ."

ಆ ಲೆಕ್ಕ ಗೂಳಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಾಗೆದ್ದು ಕನ್ನಡಿ ಮುಂದೆ ಗಡ್ಡ ಹೆರೆಯುವಾಗ ದಿನವೂ ಮಾಡುತ್ತಿದ್ದ ಲೆಕ್ಕ.

"ಅಕಿ ಕೆಲಸ ಕೆಟ್ಟದಿದ್ದರ ನನಗ ಏನೂ ಅನಸ್ತಿರಲಿಲ್ಲ," ಎಂದ ಜ್ಯೋತಿಬಾ. "ಚೊಲೋ ಐತಿ. ಅದಕ್ಕ ತಡಕೊಳ್ಳಾಕ ಆಗಂಗಿಲ್ಲ."

"ಗೊತ್ತೈತಿ," ಎಂದುಬಿಟ್ಟ ಗೂಳಪ್ಪ.

ಒಂದು ಕ್ಷಣ ಅವರು ಪೊಲೀಸನೂ ಆರೋಪಿಯೂ ಆಗಿರಲಿಲ್ಲ. ಮರುಕ್ಷಣ ಗೂಳಪ್ಪನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಧಡಕ್ಕನೆ ಊಟದ ಚೀಲ ತೆರೆದು ಆ ನೀಲಿ ಮಡಿಕೆಯನ್ನು ಮೇಜಿನ ಮೇಲೆ ಒಗೆದ.

"ಒಳಗ ಹೋಗಿಲ್ಲ ಅಂದಿ. ಇದರಾಗ ನಿನ್ನ ಕೊಲ್ಲಾಪುರಿ ಗುರ್ತು ಯಾಕೈತಿ?"

ಜ್ಯೋತಿಬಾ ಅದನ್ನು ನೋಡಿದ. ಗುರುತು ಹಿಡಿದ. ಅವನ ಮುಖದಲ್ಲಿ ಹೆದರಿಕೆ ಬರಲಿಲ್ಲ, ಬೆರಗು ಬಂತು.

"ಇದು ನಿಮ್ಮ ಕಡೆ ಇತ್ತೇನ್ರಿ? ಅಲ್ಲಿ ಎಲ್ಲಾರೂ ಹುಡಕಾಕತ್ತಾರ."

"ಕೇಳಿದ್ದಕ್ಕ ಉತ್ತರ ಹೇಳು."

"ಸಾಹೇಬ, ನಾ ದಿನಾ ಹತ್ತ ಸಲ ಒಳಗ ಹೊರಗ ಅಡ್ಡಾಡತೇನಿ. ಸುಟ್ಟಿ ಇದ್ದರೂ ನಿನ್ನಿ ಮುಂಜಾನೆ ಎರಡ ಸಲ ಬಂದು ಹೋಗೇನಿ. ಮೂವತ್ತನೇ ಹಾಳಿಯಿಂದ ಹಿಡದು ಎಲ್ಲಾದರಾಗೂ ನನ್ನ ಚಪ್ಪಲಿ ಐತಿ. ನಾ ಯಾಕ ಕೀಳ್ಲಿ? ಯಾರ ಕಾಲು ಅಲ್ಲಿ ಇರಬಾರದಾಗಿತ್ತೋ ಅವ್ರು ಕಿತ್ತಾರ."

ಇಷ್ಟು ಸರಳವಾದ ಮಾತು. ನಿನ್ನೆಯಿಂದ ಹಾಳೆಯನ್ನು ಬಗಲಲ್ಲಿಟ್ಟುಕೊಂಡಿದ್ದವನಿಗೆ ಹೊಳೆದಿರಲಿಲ್ಲ. ಮೇಡಂಗಿಂತ ಮೊದಲು ಹಿಡಿಯಬೇಕೆಂಬ ಆತುರದಲ್ಲಿ ಅವನು ಹಾಳೆಯನ್ನು ಒಮ್ಮೆ ಪೂರ್ತಿ ಬಿಡಿಸಿಯೂ ನೋಡಿರಲಿಲ್ಲ.

ಈಗ ಬಿಡಿಸಲು ಹೋದ. ಬರಲಿಲ್ಲ. ಅಂಟಿನ ಮುಖಕ್ಕೆ ಅಂಟಿನ ಮುಖ ಸೇರಿಸಿ ಮಡಿಚಿದ್ದ; ನಾಲ್ಕೂ ಪದರು ಒಂದೇ ಗಟ್ಟಿಯಾಗಿ ಕೂತಿದ್ದವು. ಉಗುರು ಹಾಕಿ ಎಳೆದ. ಮೂಲೆ ಚರ್ರೆಂದಿತು.

"ಹರೀಬ್ಯಾಡ್ರಿ!" ಜ್ಯೋತಿಬಾ ಅವನ ಮಣಿಕಟ್ಟು ಹಿಡಿದ. "ಹಿಂಗ ಎಳದ್ರ ಒಂದು ಗುರ್ತೂ ಉಳಿಯಂಗಿಲ್ಲ. ಒಂದಕ್ಕೊಂದು ಹತ್ತಿದ ನೆಗೆಟಿವ್ ಕೀಳೂದಂದ್ರ ನನಗ ಗೊತ್ತೈತಿ. ಆದ್ರ ಇದರ ಅಂಟು ಬ್ಯಾರೆ." ಮುಂದಿನ ಮಾತು ಅವನಿಗೆ ಕಷ್ಟವಾಯಿತು. "ಅಕೀನ್ನ ಕರೀರಿ. ಇದು ಅಕಿ ಕೈಲೇ ಆಗೂ ಕೆಲಸ."

*

ತುಳಜಾ ಹಾಳೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. ಮೊದಲು ಹಾಳೆಯನ್ನು, ಆಮೇಲೆ ಗೂಳಪ್ಪನ ಮುಖವನ್ನು.

"ಮೇಡಂ ಮುಂದ ಇಲ್ಲ ಅಂದ್ರಲ್ರಿ."

"ಅಂದೆ." ಗೂಳಪ್ಪ ಬೇರೆ ಕಡೆ ನೋಡಿದ. "ಬಿಡಸಾಕ ಬರತೈತೇನು?"

"ತಂಡೀಗೆ ಇಟ್ಟರ ಅಂಟು ಬಿಡತೈತ್ರಿ. ಬರ್ಫಿನಷ್ಟ ತಂಡಿ ಬೇಕು."

ಪಕ್ಕದಲ್ಲೇ ಗಿರಿಜಾಬಾಯಿಯ ಐಸ್‌ಕ್ರೀಮ್ ಅಂಗಡಿ. ನದಿಯಲ್ಲಿ ದೋಣಿ ಆಡಲು ಬಂದ ಪ್ರವಾಸಿಗಳು ಹೊರಗೆ ಕಡ್ಡಿ ಐಸ್ ಚೀಪುತ್ತ ನಿಂತಿದ್ದರು. ತುಳಜಾ ಹಿಂದಿನ ಕೋಣೆಯ ದೊಡ್ಡ ಫ್ರೀಜರಿನಲ್ಲಿ, ಕುಲ್ಫಿಯ ಡಬ್ಬಗಳ ನಡುವೆ ಹಾಳೆಯನ್ನಿಟ್ಟು ಮುಚ್ಚಳ ಹಾಕಿದಳು. ಗಿರಿಜಾಬಾಯಿ ಏನೆಂದು ಕೇಳಿದರೆ, ಕೆಲಸದ ಸಾಮಾನು ಎಂದಳಷ್ಟೆ.

ಇಪ್ಪತ್ತು ನಿಮಿಷ ಕಾಯಬೇಕಿತ್ತು. ತುಳಜಾ ಗೋಡೆಗೊರಗಿ ನಿಂತಳು. ಕೆಲಸ ಮಾಡಿ ಬಿರಿದ ಕೈ. ಮಣಿಕಟ್ಟಿನವರೆಗೆ ಸುಣ್ಣದ ಬಿಳುಪು.

"ನನ್ನ ಮ್ಯಾಲ ಸಂಶೆ ಐತೇನ್ರಿ ನಿಮಗ?" ಎಂದಳು ಇದ್ದಕ್ಕಿದ್ದಂತೆ.

"ಜ್ಯೋತಿಬಾ ನಿನ್ನ ದನಿ ಕೇಳ್ಯಾನಂತ. ಒಂದೂ ಇಪ್ಪತ್ತಕ್ಕ."

"ಒಂದರಿಂದ ಎರಡರ ತನಕ ನಾ ಇದ ಅಂಗಡಿ ಮುಂದ ಗಿರಿಜಾಬಾಯಾರ ಕೂಡ ಕುಂತ ಉಂಡೇನ್ರಿ. ಕೇಳ್ರಿ ಬೇಕಾದ್ರ." ಅಂಗೈಯ ಸುಣ್ಣ ಉಜ್ಜಿಕೊಂಡಳು. "ಈಶಪ್ಪಜ್ಜಾರು ನನಗ ಕೀಲಿಕೈ ಕೊಟ್ಟಿದ್ದು ಧೂಳಿಗೆ ಹೆದರಿ. ಬ್ಯಾರೆ ಏನಿಲ್ಲ. ಜ್ಯೋತಿಬಾಣ್ಣಗ ಅದನ್ನ ಹೆಂಗ ಹೇಳ್ಲಿ? ನನ್ನ ಮಾರಿ ಕಂಡರ ಆಗಂಗಿಲ್ಲ ಅವರಿಗೆ."

ಗೂಳಪ್ಪ ಹೊರಗೆ ಹೋಗಿ ಗಿರಿಜಾಬಾಯಿಯನ್ನು ಕೇಳಿದ. ಹೌದು, ಒಂದು ತಾಸು ಇಬ್ಬರೂ ಒಂದೇ ತಟ್ಟೆಯ ಉಪ್ಪಿನಕಾಯಿ ಹಂಚಿಕೊಂಡು ಉಂಡಿದ್ದರು.

ಹಾಗಾದರೆ ಆ ಹೆಣ್ಣುದನಿ ಯಾರದು?

ತುಳಜಾ ಫ್ರೀಜರಿನ ಮುಚ್ಚಳ ತೆಗೆದಳು. ಹಾಳೆ ತಗಡಿನಂತೆ ಸೆಟೆದಿತ್ತು. ತೆಳುವಾದ ಕರಣೆಯ ತುದಿಯನ್ನು ಮಡಿಕೆಯೊಳಗೆ ತೂರಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಬ್ಬಿಸಿದಳು. ಮೊದಲ ಮಡಿಕೆ ಬಿಟ್ಟಿತು. ಬೂದುಬಣ್ಣದ ಹೆಜ್ಜೆಗಳು, ಒಂದರ ಮೇಲೊಂದು.

"ಇದು ಜ್ಯೋತಿಬಾಣ್ಣಂದು. ಇದು ಮೇಸ್ತ್ರಿದು, ಟೈರಿನ ಚಪ್ಪಲಿ. ಇದು ನಂದು." ಅವಳು ದಿನವೂ ಓದುವ ಪತ್ರಿಕೆಯಂತೆ ಓದುತ್ತಿದ್ದಳು.

ಎರಡನೇ ಮಡಿಕೆ ಬಿಟ್ಟಿತು. ಎಲ್ಲ ಹೆಜ್ಜೆಗಳ ಮೇಲೆ, ಕಟ್ಟಕಡೆಗೆ ಬಿದ್ದಿದ್ದ ಒಂದು ಗುರುತು. ಸಣ್ಣ ಬೂಟು. ಹಿಮ್ಮಡಿಯಲ್ಲಿ ಕುದುರೆಲಾಳದಂಥ ಕಬ್ಬಿಣದ ತುಂಡು, ಅದರಲ್ಲಿ ಮೂರು ಮೊಳೆ. ನಾಲ್ಕನೆಯದು ಬಿದ್ದುಹೋದ ತೂತು.

ತುಳಜಾಳ ಕೈ ನಿಂತಿತು.

"ಇದು ನಮ್ಮ ಪೈಕಿ ಯಾರದೂ ಅಲ್ರಿ," ಎಂದಳು ಪಿಸುದನಿಯಲ್ಲಿ. "ಹೆಣ್ಣಮಕ್ಕಳ ಬೂಟು. ಐದ ನಂಬರಿಂದು."

ಗೂಳಪ್ಪನಿಗೆ ಹೇಳಬೇಕಾಗಿರಲಿಲ್ಲ. ಠಾಣೆಯ ನೆಲದ ಮೇಲೆ ಆರು ತಿಂಗಳಿಂದ ಆ ಲಾಳದ ಟಕ್ ಟಕ್ ಸದ್ದನ್ನು ಅವನು ಹಲ್ಲು ಕಚ್ಚಿ ಕೇಳುತ್ತ ಬಂದಿದ್ದ. ಹೊಟ್ಟೆಕಿಚ್ಚಿನವನಷ್ಟು ಸೂಕ್ಷ್ಮವಾಗಿ ಯಾರೂ ನೋಡುವುದಿಲ್ಲ. ಮೊಳೆ ಬಿದ್ದದ್ದು ಎಡಗಾಲಿನ ಬೂಟಿನದು ಎಂಬುದೂ ಅವನಿಗೆ ಗೊತ್ತಿತ್ತು.

ನಿನ್ನೆ ಗೂಳಪ್ಪ ಈ ಹಾಳೆಯನ್ನು ಚೀಲದಿಂದ ಎತ್ತಿಕೊಂಡಾಗ ಸೌಂದರ್ಯಾ ಇನ್ನೂ ಜೀಪಿನಿಂದ ಇಳಿದಿರಲಿಲ್ಲ. ಅಂದಮೇಲೆ ಆ ಹೆಜ್ಜೆ ಬಿದ್ದದ್ದು ಅದಕ್ಕೂ ಮೊದಲು.

ಎದೆಯೊಳಗೆ ಏನೋ ಹಬ್ಬದಂತೆ ಎದ್ದು ನಿಂತಿತು. ಇಷ್ಟು ದಿನ ಬೇಡಿಕೊಂಡದ್ದು ತಾನಾಗಿ ಕಾಲಬುಡಕ್ಕೆ ಬಂದಿತ್ತು. ಪತ್ರಿಕೆಯಲ್ಲಿ ಈ ಸಲ ಮುಂದಿನ ಸಾಲಿನಲ್ಲಿ ಯಾರ ಮುಖವಿರುತ್ತದೆ ನೋಡೋಣ! ತುಳಜಾ ತನ್ನನ್ನೇ ನೋಡುತ್ತಿರುವುದು ತಿಳಿದು ಅವನು ಮುಖ ಗಂಟು ಹಾಕಿಕೊಂಡ. ಆ ಸಂತೋಷಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ಅದು ಇಳಿಯಲಿಲ್ಲ.

"ಏನ ಸಿಕ್ತು, ಗೂಳಪ್ಪನವರ?"

ಸೌಂದರ್ಯಾ ಬಾಗಿಲಲ್ಲಿ ನಿಂತಿದ್ದಳು. ಜ್ಯೋತಿಬಾ ಹೇಳಿ ಕಳಿಸಿರಬೇಕು.

ಗೂಳಪ್ಪ ಪಕ್ಕಕ್ಕೆ ಸರಿದ. ಅವಳು ಮುಂದೆ ಬಂದು ಹಾಳೆಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ತುಳಜಾಳಿಗೆ ತಮ್ಮ ಭಾಷೆಯಲ್ಲಿ ಒಂದೇ ಮಾತು ಹೇಳಿದಳು. ತುಳಜಾ ಹೊರಗೆ ಹೋದಳು.

"ಹೌದು, ನನ್ನ ಬೂಟು," ಎಂದಳು ಸೌಂದರ್ಯಾ. "ಅಜ್ಜಾರು ಫೋನ್ ಮಾಡಿ ಕರಸಿದ್ರು. ಯಾರಿಗೂ ಗೊತ್ತಾಗದಂಗ ಬಾ ಅಂದಿದ್ರು. ಅರ್ಧ ತಾಸು ಕುಂತ ಮಾತಾಡಿದ್ವಿ. ಸೂಪಾ ಡಬ್ಬಿ ಅವರ ನನ್ನ ಕೈಯಾಗ ಕೊಟ್ರು. ನಾ ಹೊರಗ ಬಿದ್ದಾಗ ಒಂದೂವರಿ. ಅವರು ಚೊಲೋ ಇದ್ರು."

"ಡಬ್ಬಿ ಎಲ್ಲೈತಿ?"

"ಐತಿ. ಎಲ್ಲಿ ಅಂತ ಈಗ ಹೇಳಂಗಿಲ್ಲ."

"ಇಷ್ಟೆಲ್ಲಾ ಯಾಕ ಮುಚ್ಚಿಟ್ರಿ?"

"ನೀವ್ಯಾಕ ಮುಚ್ಚಿಟ್ರಿ?"

ಪೊಲೀಸನ ಬುದ್ಧಿ ಗೂಳಪ್ಪನಲ್ಲಿ ಇನ್ನೂ ಸತ್ತಿರಲಿಲ್ಲ.

"ಮೇಡಂ, ನೀವು ಹೋಗೂಮುಂದ ಅವರು ಚೊಲೋ ಇದ್ರು ಅಂತೀರಿ. ಏನೂ ಆಗಿರದಿದ್ದರ ಹಾಳಿ ಕೀಳೂ ಕೆಲಸ ನಿಮಗೇನಿತ್ತು?"

ಮೊದಲ ಸಲ ಸೌಂದರ್ಯಾಳ ಕಣ್ಣು ಅವನ ಕಣ್ಣನ್ನು ತಪ್ಪಿಸಿತು.

ಅಷ್ಟು ಸಾಕಾಗಿತ್ತು. ಗೂಳಪ್ಪ ಫೋನು ತೆಗೆದು ಡಿವೈಎಸ್‌ಪಿ ಸಾಹೇಬರ ನಂಬರು ಒತ್ತಿದ.

"ಸಾಹೇಬ್ರ, ಗೂಳಪ್ಪ ಮಾತಾಡೂದು..."

"ನಾನ ನಿನಗ ಫೋನ್ ಹಚ್ಚಾಂವಿದ್ದೆ." ಸಾಹೇಬರ ದನಿಯಲ್ಲಿ ಎಂದಿನ ಸಲಿಗೆಯಿರಲಿಲ್ಲ. "ಈಶಪ್ಪಗ ಎರಡ ನಿಮಿಷ ಎಚ್ಚರಾಗಿತ್ತು. ಯಾರ ಹೊಡದ್ರು ಅಂತ ಕೇಳಿದ್ದಕ್ಕ ಒಂದ ಮಾತು ಅಂದಾನ. ಖಾಕಿ. ಮತ್ತ ಎಚ್ಚರ ತಪ್ಪೇತಿ."

"ಸಾಹೇಬ್ರ, ಅದನ್ನ ಹೇಳಾಕ..."

"ಮೊದಲ ನೀ ಹೇಳು. ನಿನ್ನಿ ಒಂದರಿಂದ ಎರಡರ ತನಕ ಎಲ್ಲಿದ್ದಿ? ಸ್ಟೇಷನ್ನಿನ್ಯಾಗ ಇರಲಿಲ್ಲ. ಯಾರಿಗೂ ಹೇಳಿ ಹೋಗಿಲ್ಲ. ಆದ್ರ ಎಲ್ಲಾರಕಿಂತ ಮೊದಲ ಆ ಕೋಣಿಯೊಳಗ ನೀನ ಇದ್ದಿ."

ಗೂಳಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

ನಿನ್ನೆ ಒಂದು ಗಂಟೆಗೆ ಠಾಣೆಯಲ್ಲಿ ಪೇಡೆ ಹಂಚಿದ್ದರು. ಲಾರಿ ಪ್ರಕರಣಕ್ಕಾಗಿ ಸೌಂದರ್ಯಾಳಿಗೆ ಮೇಲಿನವರ ಪ್ರಶಂಸಾಪತ್ರ ಬಂದಿತ್ತು. ಅವಳು ತನ್ನ ಮೇಜಿನ ಬಳಿ ಇರಲಿಲ್ಲ, ಎಲ್ಲಿಗೆ ಹೋದಳೆಂದು ಯಾರೂ ಕೇಳಲಿಲ್ಲ, ಪೇಡೆ ಮಾತ್ರ ಹಂಚಿದರು. ಕೈಗೆ ಬಂದ ಪೇಡೆಯನ್ನು ಗೂಳಪ್ಪ ಕಿಟಕಿಯಾಚೆ ಎಸೆದು, ಬೈಕು ಹತ್ತಿ, ಕಾಳಿ ನದಿಯ ದಂಡೆಗೆ ಹೋಗಿ ಒಬ್ಬನೇ ಬಂಡೆಯ ಮೇಲೆ ಕೂತಿದ್ದ. ಬುತ್ತಿಯನ್ನೂ ಬಿಚ್ಚಿರಲಿಲ್ಲ. ಅವನನ್ನು ಕಂಡ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಸಾಕ್ಷಿ ಎಲ್ಲಿಂದ ತರುವುದು?

"ಗೂಳಪ್ಪ? ಕೇಳಾಕತ್ತೇನಿ."

ಖಾಕಿ ಹಾಕಿದ ಇನ್ನೊಬ್ಬರು ಆ ಕೋಣೆಯಲ್ಲಿದ್ದರೆಂದು ಹೇಳಬಲ್ಲವಳು ಒಬ್ಬಳೇ. ಅವಳು ಕೈಯಳತೆಯಲ್ಲಿ ನಿಂತಿದ್ದಳು. ಫೋನಿನ ಮಾತೆಲ್ಲ ಅವಳಿಗೂ ಕೇಳಿಸಿತ್ತು.

"ಇಲ್ಲಿ ಕೊಡ್ರಿ," ಎಂದು ಕೈ ಚಾಚಿದಳು.

ಗೂಳಪ್ಪ ಅವಳ ಮುಖ ನೋಡಿದ. ಅಲ್ಲಿ ಗೆಲುವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಬೇರೆ ದಾರಿ ಕಾಣದೆ ಫೋನು ಕೊಟ್ಟ. ಆರು ತಿಂಗಳಲ್ಲಿ ಮೊದಲ ಬಾರಿ, ಅವಳು ಒಳ್ಳೆಯವಳಾಗಿರಲಿ ದೇವರೇ ಎಂದು ಬೇಡಿಕೊಂಡ.

"ಸರ್, ಸೌಂದರ್ಯಾ," ಎಂದಳು. ಇನ್ನೊಂದು ಕೈಯಿಂದ ಹದಿನೆಂಟನೇ ಹಾಳೆಯನ್ನು ಎತ್ತಿಕೊಂಡಳು. "ಗೂಳಪ್ಪನವರು ನನ್ನ ಮುಂದ ಅದಾರ. ಸ್ಥಳದಾಗಿನ ಒಂದು ಸಾಕ್ಷಿ ನಿನ್ನಿಯಿಂದ ತಮ್ಮ ಚೀಲದಾಗ ಮುಚ್ಚಿಟ್ಟುಕೊಂಡಿದ್ರು. ಈಗ ನನ್ನ ಕೈಗೆ ಸಿಕ್ಕೇತಿ."

ಅದು ನಿಜವೇ. ಅರ್ಧ ನಿಜ. ಉಳಿದ ಅರ್ಧಕ್ಕಾಗಿ ಗೂಳಪ್ಪ ಕಾದ.

ಸೌಂದರ್ಯಾ "ಹೂಂ ಸರ್, ಕರಕೊಂಡ ಬರ್ತೇನಿ" ಎಂದು ಫೋನು ಇಟ್ಟಳು.